ಕಾಲ್ ಬುಕ್ಕಿನ ಹತ್ತು ನಿಮಿಷ

ಕೋಲಾರದಿಂದ ಆ ಪತ್ರ ಬಂದ ದಿನ ನಾನು ಆಸ್ಪತ್ರೆಯ ಸ್ಟೋರ್ ರೂಮಿನಲ್ಲಿ ಕೂತು ಇಲಿ ಕಡಿದ ಹತ್ತಿ ಸುರುಳಿಗಳನ್ನು ಬೇರೆ ಮಾಡುತ್ತಿದ್ದೆ. ಹೆರಿಗೆಗೆ ಬಂದ ಹೆಂಗಸರನ್ನು ಸಣ್ಣ ಆಸ್ಪತ್ರೆಗಳಿಂದ ದೊಡ್ಡ ಆಸ್ಪತ್ರೆಗೆ ಕಳಿಸುವುದಕ್ಕೆ ಹೊಸ ನಿಯಮ ಮಾಡಬೇಕಾಗಿದೆ, ಅದಕ್ಕೊಂದು ಸಮಿತಿ ರಚಿಸಿದ್ದೇವೆ, ನರ್ಸುಗಳ ಪ್ರತಿನಿಧಿಯಾಗಿ ನೀವು ಬರಬೇಕು ಎಂದು ಅದರಲ್ಲಿತ್ತು. ಎರಡು ಸಲ ಓದಿದೆ. ಇಪ್ಪತ್ತೊಂಬತ್ತು ವರ್ಷದ ಸರ್ವಿಸಿನಲ್ಲಿ ನನ್ನ ಹೆಸರಿಗೆ ಬಂದ ಕಾಗದಗಳೆಂದರೆ ವರ್ಗಾವಣೆ, ಮೆಮೊ, ಚುನಾವಣೆ ಡ್ಯೂಟಿ, ಅಷ್ಟೇ. ನಿನ್ನ ಅಭಿಪ್ರಾಯವೇನು ಎಂದು ಸರ್ಕಾರದ ಕಾಗದ ನನ್ನನ್ನು ಕೇಳಿದ್ದು ಅದೇ ಮೊದಲು. ಹತ್ತಿಯನ್ನು ಅಲ್ಲೇ ಬಿಟ್ಟು ಎದ್ದು ಹೋಗಿ ವಾರ್ಡಿನಲ್ಲಿದ್ದವರಿಗೆಲ್ಲ ಪತ್ರ ತೋರಿಸಿಕೊಂಡು ಬಂದೆ. ಆ ಖುಷಿಯನ್ನು ಈಗ ನೆನೆದರೆ ನನ್ನ ಮೇಲೇ ಸಿಟ್ಟು ಬರುತ್ತದೆ.

ಆಸ್ಪತ್ರೆಯ ಹೆಸರು ಹೇಳುವುದಿಲ್ಲ. ಮುಳಬಾಗಿಲು ತಾಲ್ಲೂಕಿನದು, ನಂಗಲಿ ಕಡೆಗೆ ಹೋಗುವ ಲಾರಿಗಳ ಹಾರ್ನ್ ಹೆರಿಗೆ ಕೋಣೆಗೆ ಕೇಳಿಸುವಷ್ಟು ಹೆದ್ದಾರಿಗೆ ಹತ್ತಿರ ಇದೆ ಎಂದರೆ ಸಾಕು. ಬರುವವರಲ್ಲಿ ಅರ್ಧ ಜನ ನೋವು ಬಂದಾಗ ಕನ್ನಡದಲ್ಲಿ ಕೂಗುತ್ತಾರೆ, ಇನ್ನರ್ಧ ತೆಲುಗಿನಲ್ಲಿ. ನಮಗೆ ಎರಡೂ ಒಂದೇ. ಮಧ್ಯಾಹ್ನ ಎರಡರಿಂದ ಎಂಟರವರೆಗಿನ ಪಾಳಿಗೆ ಒಬ್ಬಳು ನರ್ಸು, ಒಬ್ಬಳು ಆಯಾ. ಡಾಕ್ಟರು ಒಬ್ಬರೇ. ಬೆಳಿಗ್ಗೆಯಿಂದ ಹೊರರೋಗಿಗಳನ್ನು ನೋಡಿ, ಮಧ್ಯಾಹ್ನ ಕ್ವಾರ್ಟರ್ಸಿಗೆ ಹೋಗಿ, ಫೋನ್ ಮಾಡಿದರೆ ಬರುತ್ತಾರೆ. ಬರಬೇಕು.

ಈ ಬರುವ ವಿಷಯಕ್ಕೆಂದೇ ಒಂದು ಪುಸ್ತಕವಿದೆ. ಅದನ್ನು ಕಾಲ್ ಬುಕ್ ಅನ್ನುತ್ತೇವೆ. ಡಾಕ್ಟರನ್ನು ಇಷ್ಟು ಗಂಟೆಗೆ ಕರೆದೆವು ಎಂದು ಒಂದು ಕಾಲಮ್ಮಿನಲ್ಲಿ ನರ್ಸು ಬರೆಯಬೇಕು. ಇಷ್ಟು ಗಂಟೆಗೆ ಬಂದೆ ಎಂದು ಪಕ್ಕದ ಕಾಲಮ್ಮಿನಲ್ಲಿ ಡಾಕ್ಟರು ಬರೆದು ಸಹಿ ಹಾಕಬೇಕು. ಅದು ಕಾನೂನು. ನಡೆಯುವುದು ಬೇರೆ. ಎರಡೂ ಕಾಲಮ್ಮನ್ನು ನಾವೇ ತುಂಬುತ್ತೇವೆ. ಡಾಕ್ಟರು ವಾರಕ್ಕೊಮ್ಮೆ ಟೀ ಕುಡಿಯುತ್ತಾ ಸಾಲಾಗಿ ಸಹಿ ಹಾಕಿಕೊಂಡು ಹೋಗುತ್ತಾರೆ. ಕರೆದ ಸಮಯಕ್ಕೂ ಬಂದ ಸಮಯಕ್ಕೂ ನಡುವೆ ಯಾವಾಗಲೂ ಹತ್ತು ನಿಮಿಷ. ಅವರು ಐದು ನಿಮಿಷಕ್ಕೆ ಬಂದರೂ ಹತ್ತು, ಒಂದೂವರೆ ಗಂಟೆಗೆ ಬಂದರೂ ಹತ್ತು, ಬರದೆ ಫೋನಿನಲ್ಲೇ ಹೇಳಿ ಮುಗಿಸಿದರೂ ಹತ್ತು.

ಇದನ್ನು ನನಗೆ ಕಲಿಸಿದವರು ನಾನು ಕೆಲಸಕ್ಕೆ ಸೇರಿದಾಗ ಇದ್ದ ದೊಡ್ಡ ಸಿಸ್ಟರು. ಈಗ ಅವರಿಲ್ಲ. "ನೋಡಮ್ಮಾ, ನಾವು ಡಾಕ್ಟ್ರನ್ನ ಉಳಿಸಿದ್ರೆ ಡಾಕ್ಟ್ರು ನಮ್ಮನ್ನ ಉಳಿಸ್ತಾರೆ. ಪೇಷೆಂಟ್ ಕಡೆಯೋರು ಜಗಳಕ್ಕೆ ಬಂದಾಗ ಪುಸ್ತಕ ಸರಿಯಾಗಿರ್ಬೇಕು," ಎಂದಿದ್ದರು. ನನಗೆ ಅದು ಸುಳ್ಳು ಅನ್ನಿಸಲೇ ಇಲ್ಲ. ಹಾಸಿಗೆಯ ಮೇಲೆ ಸುಕ್ಕಿಲ್ಲದ ಹಾಗೆ ಚಾದರ ಹಾಸುವುದನ್ನು ಕಲಿತ ಹಾಗೆಯೇ ಅದನ್ನೂ ಕಲಿತೆ. ನನ್ನ ಕೈಕೆಳಗೆ ಬಂದವರಿಗೂ ಕಲಿಸಿದೆ. ಎಷ್ಟು ಹುಡುಗಿಯರಿಗೆ ಕಲಿಸಿದೆನೋ ನೆನಪಿಲ್ಲ.

ಒಬ್ಬಳು ಮಾತ್ರ ಕಲಿಯಲಿಲ್ಲ.

ಅವಳು ಶ್ರೀನಿವಾಸಪುರದ ಕಡೆಯವಳು. ಗುತ್ತಿಗೆಯ ಮೇಲೆ ಬಂದಿದ್ದಳು. ಅಪ್ಪ ಮಾವಿನ ಮಂಡಿಯಲ್ಲಿ ಹಮಾಲಿ, ಮನೆಮಾತು ತೆಲುಗು. ನೋಡಲು ಕಡ್ಡಿಯ ಹಾಗಿದ್ದಳು, ಬಾಯಿ ಮಾತ್ರ ಜೋರು. ಆಯಾ ಅವಳನ್ನು ಕಂಡರೆ ಹೆದರುತ್ತಿದ್ದಳು, ಗರ್ಭಿಣಿಯರು ಅವಳನ್ನೇ ಹುಡುಕಿಕೊಂಡು ಬರುತ್ತಿದ್ದರು. ಕೂಗಾಡುವ ಹೆಂಗಸಿನ ಸೊಂಟ ಒತ್ತುತ್ತಾ, "ಅರಚ್ಕೊಳಕ್ಕಾ, ಚೆನ್ನಾಗಿ ಅರಚ್ಕೋ, ಇದು ನಿನ್ ಮನೆ ಅಂದ್ಕೋ," ಎನ್ನುವವಳು. ನಮ್ಮ ಕಾಲದಲ್ಲಿ ಬಾಯಿ ಮುಚ್ಚು ಎಂದು ಗದರುತ್ತಿದ್ದೆವು. ಅವಳು ನನ್ನನ್ನು ಅಕ್ಕ ಎನ್ನುತ್ತಿದ್ದಳು. ನನಗೆ ಅವಳ ಮೇಲೆ ಪ್ರೀತಿಯಿತ್ತು ಎಂದು ಈಗ ಬರೆದರೆ ಓದುವವರು ನಗಬಹುದು, ಆದರೂ ಇತ್ತು.

ಪತ್ರ ಬರುವುದಕ್ಕೆ ಒಂದೂವರೆ ತಿಂಗಳ ಹಿಂದೆ ಅವಳ ಪಾಳಿಯಲ್ಲಿ ಆ ಘಟನೆ ನಡೆದಿತ್ತು. ತಾಯಲೂರಿನ ಆಚೆಯ ಒಂದು ಹಳ್ಳಿಯಿಂದ ಎರಡನೇ ಹೆರಿಗೆಗೆ ಒಬ್ಬ ಹೆಂಗಸು ಬಂದಿದ್ದಳು. ರಾಗಿ, ಹಿಪ್ಪುನೇರಳೆ ಬೆಳೆಯುವ ಮನೆಯವಳು, ಗಟ್ಟಿಗಿತ್ತಿ. ಮಧ್ಯಾಹ್ನ ಮೂರಕ್ಕೆ ಹೆತ್ತಳು. ಮಗು ಚೆನ್ನಾಗಿ ಅತ್ತಿತು. ತಾಯಿಗೆ ರಕ್ತ ನಿಲ್ಲಲಿಲ್ಲ. ಹುಡುಗಿ ಎರಡೂ ಕೈಗೆ ಡ್ರಿಪ್ ಹಾಕಿದಳು, ಕೊಡಬೇಕಾದ ಇಂಜೆಕ್ಷನ್ ಕೊಟ್ಟಳು, ಹೊಟ್ಟೆ ಒತ್ತಿ ತಿಕ್ಕಿದಳು. ಗರ್ಭಕೋಶ ಗಟ್ಟಿಯಾಗಲೇ ಇಲ್ಲ. ಡಾಕ್ಟರಿಗೆ ಮೂರು ಸಲ ಫೋನ್ ಮಾಡಿದಳು. ಎತ್ತಲಿಲ್ಲ. ಆಯಾಳನ್ನು ಕ್ವಾರ್ಟರ್ಸಿಗೆ ಓಡಿಸಿದಳು. ಬಾಗಿಲು ತೆಗೆಯಲಿಲ್ಲ. ಕೋಲಾರಕ್ಕೆ ಕಳಿಸಲೇಬೇಕು. ಸರ್ಕಾರಿ ಆಂಬುಲೆನ್ಸು ಹೆದ್ದಾರಿಯ ಅಪಘಾತಕ್ಕೆ ಹೋಗಿತ್ತು. ಇದ್ದದ್ದು ಆಸ್ಪತ್ರೆಯದೇ ವ್ಯಾನು, ಅದರಲ್ಲಿ ಡ್ರೈವರ್ ಬಿಟ್ಟರೆ ಯಾರೂ ಇಲ್ಲ. ಆ ಹೊತ್ತಿಗೆ ಪಕ್ಕದ ಟೇಬಲ್ಲಿನ ಮೇಲೆ ಇನ್ನೊಬ್ಬಳಿಗೆ ಮಗುವಿನ ತಲೆ ಕಾಣಿಸುತ್ತಿತ್ತು.

ಅವಳು ವ್ಯಾನು ಹತ್ತಿದರೆ ಇಲ್ಲಿನ ಹೆಂಗಸಿಗೆ ಯಾರೂ ಇಲ್ಲ. ಹತ್ತದಿದ್ದರೆ ಅಲ್ಲಿನವಳಿಗೆ ಯಾರೂ ಇಲ್ಲ. ಅತ್ತ ದರಿ, ಇತ್ತ ಪುಲಿ ಎನ್ನುತ್ತಾರಲ್ಲ, ಹಾಗೆ. ಜೊತೆಗೆ ಬಂದಿದ್ದ ಆಶಾ ಕಾರ್ಯಕರ್ತೆಯ ಕೈ ಹಿಡಿದು ಹೊಟ್ಟೆಯ ಮೇಲೆ ಎಲ್ಲಿ ಒತ್ತಬೇಕು, ಹೇಗೆ ಒತ್ತಬೇಕು ಎಂದು ತೋರಿಸಿ, ಕೋಲಾರ ಬರುವ ತನಕ ಕೈ ತೆಗೀಬೇಡಿ ಎಂದು ಹೇಳಿ ಕಳಿಸಿದಳು. ಆ ಆಶಾ ಕಾರ್ಯಕರ್ತೆ ಕೈ ತೆಗೆಯಲಿಲ್ಲ. ದೊಡ್ಡ ಆಸ್ಪತ್ರೆಯಲ್ಲಿ ರಕ್ತ ಕೊಟ್ಟರು, ಗರ್ಭಕೋಶ ತೆಗೆದರು, ಹೆಂಗಸು ಬದುಕಿದಳು. ಎರಡನೆಯವಳ ಹೆರಿಗೆಯೂ ಸುಸೂತ್ರವಾಯಿತು. ಒಬ್ಬಳೇ ಹುಡುಗಿ ಒಂದು ಮಧ್ಯಾಹ್ನದಲ್ಲಿ ಮೂರು ಜೀವ ಉಳಿಸಿದ್ದಳು. ಬೇರೆ ಕಡೆಯಾಗಿದ್ದರೆ ಶಾಲು ಹೊದಿಸುತ್ತಿದ್ದರು.

ಡಾಕ್ಟರು ಕೆಟ್ಟವರಲ್ಲ. ಅದನ್ನೂ ಹೇಳಬೇಕು. ಹಿಂದಿನ ಹಗಲು, ರಾತ್ರಿ, ಆ ಬೆಳಿಗ್ಗೆ ಎಲ್ಲವನ್ನೂ ಅವರೊಬ್ಬರೇ ನೋಡಿಕೊಂಡಿದ್ದರು. ಊಟ ಮಾಡಿ ಮಲಗಿದವರಿಗೆ ಎಚ್ಚರವೇ ಆಗಿರಲಿಲ್ಲ. ಎದ್ದು ಬರುವಾಗ ಐದು ದಾಟಿತ್ತು.

ಮಾರನೆ ಬೆಳಿಗ್ಗೆ ನಾನು ಡ್ಯೂಟಿಗೆ ಬಂದು ಕಾಲ್ ಬುಕ್ ತೆಗೆದೆ. ಅವಳ ಬರವಣಿಗೆ ಅಲ್ಲಿತ್ತು. ಮೂರು ಹತ್ತಕ್ಕೆ ಕರೆದೆ, ಎತ್ತಲಿಲ್ಲ. ಮೂರು ಹದಿನಾಲ್ಕಕ್ಕೆ ಕರೆದೆ, ಎತ್ತಲಿಲ್ಲ. ಮೂರು ಇಪ್ಪತ್ತಕ್ಕೆ ಕರೆದೆ, ಎತ್ತಲಿಲ್ಲ. ಆಯಾ ಹೋಗಿ ಬಾಗಿಲು ತಟ್ಟಿದರು, ತೆಗೆಯಲಿಲ್ಲ. ಲೇಬರ್ ರೂಮಿನಲ್ಲಿ ಇನ್ನೊಬ್ಬ ತಾಯಿ ಇದ್ದುದರಿಂದ ನಾನು ವ್ಯಾನಿನಲ್ಲಿ ಹೋಗಲು ಆಗಲಿಲ್ಲ. ಬಂದ ಸಮಯದ ಕಾಲಮ್ಮಿನಲ್ಲಿ ಐದು ಹನ್ನೆರಡು ಎಂದಿತ್ತು.

ನರ್ಸುಗಳ ಕ್ವಾರ್ಟರ್ಸಿಗೆ ಹೇಳಿ ಕಳಿಸಿ ಅವಳನ್ನು ಕರೆಸಿದೆ. "ಯಾಕೇ ಹಿಂಗ್ ಬರ್ದೆ?" ಎಂದೆ.

"ನಡೆದಿದ್ದು ಬರ್ದೆ ಅಕ್ಕಾ."

"ನಡೆದಿದ್ದನ್ನೆಲ್ಲಾ ಬರೀತಾರೇನೇ? ಡಾಕ್ಟ್ರ ಕಥೆ ಏನಾಗುತ್ತೆ ಅಂತ ಯೋಚ್ನೆ ಮಾಡಿದ್ಯಾ?"

"ಆ ಯಮ್ಮ ಸತ್ತಿದ್ರೆ ನನ್ ಕಥೆ ಏನಾಗ್ತಿತ್ತು ಅಂತ ಯೋಚ್ನೆ ಮಾಡ್ದೆ. ಬರದೆ ಬಿಟ್ರೆ ನಾಳೆ ಇನ್ನೊಬ್ಬ ನರ್ಸು ಬೇಕು ಅಂತ ಹೆಂಗಕ್ಕಾ ಕೇಳ್ತೀರಾ? ಒಬ್ಳೇ ಸಾಕಾಗುತ್ತೆ ಅಂತಾರೆ."

ಉತ್ತರ ಇಲ್ಲದಾಗ ದೊಡ್ಡವರು ಮಾಡುವುದನ್ನೇ ನಾನೂ ಮಾಡಿದೆ, ಜೋರಾಗಿ ಬೈದೆ. ಸರ್ವಿಸ್ ಎಷ್ಟು ವರ್ಷ ಆಯ್ತು ನಿಂಗೆ, ನಮಗೇ ಕಲಿಸೋಕೆ ಬರ್ತೀಯಾ ಎಂದೆಲ್ಲ ಅಂದೆ. ಅವಳು ತಲೆ ತಗ್ಗಿಸಿ ನಿಂತಿದ್ದಳು, ಆದರೆ ಪುಟ ಹರಿದು ಬೇರೆ ಬರಿ ಎಂದಾಗ ಮಾತ್ರ ಆಗಲ್ಲ ಎಂದುಬಿಟ್ಟಳು. ಡಾಕ್ಟರು ಆ ವಾರ ಟೀ ಕುಡಿಯುತ್ತಾ ಸಹಿ ಹಾಕುವಾಗ ಆ ಸಾಲಿಗೆ ಬಂದು ನಿಂತರು. ನನ್ನ ಮುಖ ನೋಡಿದರು. ಅದೊಂದು ಸಾಲು ಬಿಟ್ಟು ಕೆಳಗಿನದಕ್ಕೆ ಸಹಿ ಹಾಕಿದರು.

ಆಮೇಲೆ ಹೆಂಗಸಿನ ಗಂಡ ಅರ್ಜಿ ಕೊಟ್ಟ. ಅವನದು ತಪ್ಪಲ್ಲ. ರಕ್ತ ಸುರಿಯುತ್ತಿದ್ದ ಹೆಂಡತಿಯನ್ನು ಡಾಕ್ಟರೂ ಇಲ್ಲದೆ ನರ್ಸೂ ಇಲ್ಲದೆ ಕಳಿಸಿದರು ಎನ್ನುವುದು ಅವನ ಸಂಕಟ. ಆಸ್ಪತ್ರೆಯ ಬಾಗಿಲಲ್ಲಿ ನಿಂತು "ಎವರೂ ಲೇರು, ಒಕ್ಕರೂ ಲೇರು," ಯಾರೂ ಇರಲಿಲ್ಲ, ಒಬ್ಬರೂ ಇರಲಿಲ್ಲ ಎಂದು ಅದನ್ನೇ ಹೇಳುತ್ತಿದ್ದ. ಅರ್ಜಿ ಮೇಲಕ್ಕೆ ಹೋಯಿತು, ಮೇಲಿನಿಂದ ಮೆಮೊ ಕೆಳಕ್ಕೆ ಬಂತು. ಬಂದದ್ದು ಹುಡುಗಿಯ ಹೆಸರಿಗೆ. ಗಂಭೀರ ಸ್ಥಿತಿಯಲ್ಲಿದ್ದ ತಾಯಿಯನ್ನು ಶುಶ್ರೂಷಕಿಯಿಲ್ಲದೆ ಕಳಿಸಿದ್ದೇಕೆ ಎಂದು ಕೇಳಿದ್ದರು. ಅವಳ ಗುತ್ತಿಗೆ ಮುಗಿಯಲು ಮೂರು ತಿಂಗಳಿತ್ತು. ಮುಂದುವರಿಸುತ್ತಾರೋ ಇಲ್ಲವೋ ಎನ್ನುವುದು ಆ ಮೆಮೊದ ಮೇಲೆ ನಿಂತಿತ್ತು.

ಇಂಥ ಹೊತ್ತಿನಲ್ಲಿ ಕೋಲಾರದ ಪತ್ರ ಬಂತು. ದೇವರೇ ದಾರಿ ತೋರಿಸಿದ ಎಂದುಕೊಂಡೆ. ನಾಲ್ಕು ದಿನ ಕೂತು ಒಂದೂವರೆ ಪುಟ ಬರೆದೆ. ಹೆರಿಗೆ ನಡೆಯುವ ಕಡೆ ಪ್ರತಿ ಪಾಳಿಗೂ ಇಬ್ಬರು ನರ್ಸುಗಳಿರಬೇಕು, ಕಳಿಸುವ ತಾಯಿಯ ಜೊತೆ ಒಬ್ಬಳು ಹೋಗಲೇಬೇಕು, ಉಳಿದವಳು ವಾರ್ಡು ನೋಡಿಕೊಳ್ಳಬೇಕು. ಇಷ್ಟೇ. ಹುಡುಗಿ ಅದನ್ನು ಮೊಬೈಲಿನಲ್ಲಿ ಟೈಪ್ ಮಾಡಿ ಮುಳಬಾಗಿಲಿನಲ್ಲಿ ಪ್ರಿಂಟ್ ಹಾಕಿಸಿಕೊಂಡು ಬಂದಳು. ಕೊಡುವಾಗ ಕೇಳಿದಳು.

"ಅಕ್ಕಾ, ಅಲ್ಲಿ ನನ್ ವಿಷ್ಯಾನೂ ಹೇಳ್ತೀರಲ್ಲಾ? ನಾನು ಬೇಕಂತ ಕಳ್ಸಿಲ್ಲ, ಒಬ್ಳೇ ಇದ್ದೆ ಅಂತ?"

"ಹೇಳ್ತೀನಿ ಕಣೇ. ಹೇಳ್ದೇ ಇರ್ತೀನಾ?" ಎಂದೆ.

ಸಭೆಯ ದಿನ ರೇಷ್ಮೆಯಲ್ಲದ, ಹಾಗೆಂದು ದಿನವೂ ಉಡುವುದೂ ಅಲ್ಲದ ಸೀರೆ ಉಟ್ಟು ಬೆಳಿಗ್ಗೆ ಎಂಟರ ಬಸ್ಸು ಹತ್ತಿದೆ. ಕೋಲಾರದ ಆ ಸಭಾಂಗಣದಲ್ಲಿ ಉದ್ದನೆಯ ಮೇಜು, ಸುತ್ತ ಹದಿನೈದು ಜನ. ಹೆಚ್ಚಿನವರು ಡಾಕ್ಟರುಗಳು, ಉಳಿದವರು ಆಫೀಸಿನವರು. ಮೇಜಿನ ಮೇಲೆ ನನ್ನ ಹೆಸರಿನ ಚೀಟಿಯೂ ಇತ್ತು, ಕೆಳಗೆ ನರ್ಸಿಂಗ್ ಆಫೀಸರ್ ಎಂದಿತ್ತು. ಸ್ಟಾಫ್ ನರ್ಸ್ ಎನ್ನುವುದನ್ನು ತೆಗೆದು ನಮ್ಮನ್ನು ಆಫೀಸರ್ ಮಾಡಿದ್ದಾರಲ್ಲ, ಅದು. ಆ ಚೀಟಿಯ ಮುಂದೆ ಕೂತೆ. ಡಾಕ್ಟರೊಬ್ಬರು ಒಳಗೆ ಬಂದಾಗಲೆಲ್ಲ ನನ್ನ ಕಾಲು ತಾನಾಗಿ ಎದ್ದು ನಿಲ್ಲುತ್ತಿತ್ತು. ಮೂರನೆಯ ಸಲ ಪಕ್ಕದವರು ಕೂತ್ಕೊಳಿ ಸಿಸ್ಟರ್ ಎಂದರು.

ಟೀ ಬಂತು. ತಂದವನು ಟ್ರೇಯನ್ನು ಸೀದಾ ನನ್ನ ಮುಂದೆ ಇಟ್ಟು ಬಿಸ್ಕತ್ತು ತರಲು ಹೋದ. ಅಷ್ಟು ಜನರಲ್ಲಿ ನನ್ನ ಮುಂದೆಯೇ ಏಕಿಟ್ಟ ಎಂದು ಅವನನ್ನು ಕೇಳಬೇಕಿಲ್ಲ. ಇನ್ನೂ ನಾಚಿಕೆಗೇಡೆಂದರೆ ನಾನು ಎದ್ದು ಹದಿನೈದು ಜನರಿಗೂ ಟೀ ಕೊಟ್ಟೆ. ಸಕ್ಕರೆ ಇಲ್ಲದ್ದು ಯಾರಿಗೆ ಎಂದೂ ಕೇಳಿದೆ. ಎಲ್ಲರೂ ಥ್ಯಾಂಕ್ಯೂ ಸಿಸ್ಟರ್ ಎಂದರು.

ಅಧ್ಯಕ್ಷತೆ ವಹಿಸಿದ್ದ ಅಧಿಕಾರಿ ಮೆದುಮಾತಿನವರು. ನರ್ಸುಗಳಿಲ್ಲದೆ ಆರೋಗ್ಯ ನೀತಿ ಮಾಡುವ ಕಾಲ ಹೋಯಿತು, ತಳಮಟ್ಟದ ದನಿ ನಮಗೆ ಬೇಕು ಎಂದು ಶುರು ಮಾಡಿದರು. ನನ್ನ ಸರದಿ ಬಂದಾಗ ಒಂದೂವರೆ ಪುಟವನ್ನು ಓದಿದೆ. ಒಂದು ಸಾಲೂ ಬಿಡಲಿಲ್ಲ. ಯಾರೂ ನಡುವೆ ಬಾಯಿ ಹಾಕಲಿಲ್ಲ. ಒಬ್ಬ ಹಿರಿಯ ಡಾಕ್ಟರು ತಲೆ ಆಡಿಸಿದರು ಕೂಡ.

ಓದಿ ಮುಗಿಸಿದ ಮೇಲೆ ಅಧಿಕಾರಿ ಒಂದು ಕಟ್ಟು ಕಾಗದ ಮುಂದೆ ಎಳೆದುಕೊಂಡರು. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ, ನಾಲ್ಕೂ ತಾಲ್ಲೂಕುಗಳ ಸಣ್ಣ ಆಸ್ಪತ್ರೆಗಳಿಂದ ತರಿಸಿಕೊಂಡ ಕಾಲ್ ಬುಕ್ಕುಗಳ ಜೆರಾಕ್ಸು.

"ಸಿಸ್ಟರ್, ನೀವು ಹೇಳಿದ್ದು ಚೆನ್ನಾಗಿದೆ," ಎಂದರು. "ಆದ್ರೆ ಇದನ್ನ ನೋಡಿ. ಎಲ್ಲಾ ಕಡೆ ಡಾಕ್ಟ್ರು ಹತ್ತು ನಿಮಿಷದಲ್ಲಿ ಬಂದಿದ್ದಾರೆ. ಪ್ರತಿಯೊಂದು ಕೇಸಲ್ಲೂ. ಡಾಕ್ಟ್ರು ಹತ್ತು ನಿಮಿಷದಲ್ಲಿ ಬರೋ ಹಾಗಿದ್ರೆ ನರ್ಸ್ ಆಂಬುಲೆನ್ಸಲ್ಲಿ ಹೋದ್ರೂ ವಾರ್ಡಲ್ಲಿ ಡಾಕ್ಟ್ರಿರ್ತಾರಲ್ಲ? ಇನ್ನೊಂದು ಪೋಸ್ಟ್ ಯಾಕೆ ಬೇಕು ಅಂತ ಮೇಲಿನವರು ಕೇಳಿದ್ರೆ ನಾನೇನು ಹೇಳಲಿ?"

ಕಾಗದಗಳನ್ನು ನನ್ನ ಕಡೆ ತಳ್ಳಿದರು. ನಾನು ಒಂದೊಂದೇ ತಿರುವಿದೆ. ಮಾಲೂರಿನಲ್ಲಿ ಯಾವಳೋ ನಾನು ಕಾಣದವಳು ಬರೆದಿದ್ದಳು, ಕರೆದದ್ದು ನಾಲ್ಕು ಐದು, ಬಂದದ್ದು ನಾಲ್ಕು ಹದಿನೈದು. ಶ್ರೀನಿವಾಸಪುರದವಳು ಬರೆದಿದ್ದಳು, ಆರು ಮೂವತ್ತು, ಆರು ನಲವತ್ತು. ನಾವು ಯಾರೂ ಒಬ್ಬರಿಗೊಬ್ಬರು ಫೋನ್ ಮಾಡಿಕೊಂಡು ಹೀಗೆ ಬರೆಯೋಣ ಎಂದು ಮಾತಾಡಿಕೊಂಡಿರಲಿಲ್ಲ. ಆದರೂ ಜಿಲ್ಲೆಯ ತುಂಬ ಅದೇ ಹತ್ತು ನಿಮಿಷ. ಎಲ್ಲ ಕಡೆಯೂ ಒಬ್ಬೊಬ್ಬ ದೊಡ್ಡ ಸಿಸ್ಟರು ಇದ್ದರು ಅಂತ ಕಾಣುತ್ತದೆ. ನಮ್ಮ ಆಸ್ಪತ್ರೆಯ ಪುಟಗಳು ಬಂದವು. ಅವು ನನ್ನವು. ಡಾಕ್ಟರನ್ನು ಉಳಿಸುತ್ತೇವೆ ಎಂದುಕೊಂಡು ವರ್ಷಗಟ್ಟಲೆ ಬರೆದದ್ದು ಅವರನ್ನೂ ಉಳಿಸಿರಲಿಲ್ಲ. ಇನ್ನೊಬ್ಬ ಡಾಕ್ಟರು ಬೇಕೆಂದು ಅವರು ಕೇಳಿದ್ದರೂ ಇದೇ ಪುಟಗಳನ್ನು ಮುಖಕ್ಕೆ ಹಿಡಿಯುತ್ತಿದ್ದರು. ನಮ್ಮ ಗುಂಡಿ ನಾವೇ ತೋಡಿಕೊಂಡಿದ್ದೆವು.

"ಒಂದೇ ಒಂದು ಎಂಟ್ರಿ ಬೇರೆ ಥರ ಇದೆ," ಎಂದು ಅವರು ಬೆರಳಿಟ್ಟು ತೋರಿಸಿದರು. ಹುಡುಗಿಯದು. "ಕಾಂಟ್ರ್ಯಾಕ್ಟ್ ಹುಡುಗಿ. ಡಾಕ್ಟ್ರ ಸಹಿನೂ ಇಲ್ಲ. ತಾನು ಮಾಡಿದ ತಪ್ಪು ಮುಚ್ಕೊಳೋಕೆ ಡಾಕ್ಟ್ರ ಮೇಲೆ ಹಾಕಿದ್ದಾಳೆ ಅಂತ ಕಾಣುತ್ತೆ. ಅವಳೊಬ್ಬಳು ಬಿಟ್ರೆ ವ್ಯವಸ್ಥೆ ಸರಿಯಾಗೇ ಇದೆ, ಅಲ್ವಾ?"

ಎಲ್ಲರೂ ನನ್ನನ್ನು ನೋಡುತ್ತಿದ್ದರು. ಹೇಳಬೇಕಾದ ಮಾತು ಚಿಕ್ಕದು. ಸಾರ್, ಅವಳು ಬರೆದಿರೋದೊಂದೇ ನಿಜ, ನಾವು ಬರೆದಿರೋದೆಲ್ಲ ಸುಳ್ಳು. ನಾಲಿಗೆಯ ತುದಿಯವರೆಗೆ ಬಂದಿತ್ತು, ಆಣೆ ಮಾಡಿ ಹೇಳುತ್ತೇನೆ. ಅದರ ಹಿಂದೆಯೇ ಮಿಕ್ಕವೂ ಬಂದವು. ಸುಳ್ಳು ದಾಖಲೆ ಬರೆದವಳು ಎಂದರೆ ಇಲಾಖಾ ವಿಚಾರಣೆ. ನಿವೃತ್ತಿಗೆ ಹದಿನಾಲ್ಕು ತಿಂಗಳು. ಪಿಂಚಣಿ ತಡೆಹಿಡಿದರೆ? ನಾಲ್ಕು ತಾಲ್ಲೂಕಿನ ಹುಡುಗಿಯರನ್ನೆಲ್ಲ ಸಿಕ್ಕಿಸಿದವಳು ಎಂದು ಅವರೆಲ್ಲ ಶಾಪ ಹಾಕಿದರೆ? ಇವೆಲ್ಲ ನೆಪ. ಭಯವಾಯಿತು, ಅಷ್ಟೇ.

"ಕೆಲವು ಸಲ ಟೈಮ್ ಬರೆಯೋದ್ರಲ್ಲಿ ಸ್ವಲ್ಪ ಹೆಚ್ಚುಕಮ್ಮಿ ಆಗುತ್ತೆ ಸಾರ್," ಎಂದೆ.

"ಅಂದ್ರೆ? ತಪ್ಪು ಬರೀತೀರಾ?"

"ಇಲ್ಲ ಸಾರ್. ಕೆಲಸದ ಒತ್ತಡದಲ್ಲಿ... ಒಂದೊಂದು ಸಲ..."

"ಸರಿ. ಹಾಗಾದ್ರೆ ಬರೆಯೋದನ್ನೇ ಸರಿ ಮಾಡೋಣ. ಒಳ್ಳೇ ಸಲಹೆ ಸಿಸ್ಟರ್," ಎಂದು ಅವರು ಪಕ್ಕದವರಿಗೆ ಗುರುತು ಹಾಕಿಕೊಳ್ಳಲು ಹೇಳಿದರು. ಹುಡುಗಿಯ ಹೆಸರೆತ್ತಲು ಅದೊಂದೇ ಅವಕಾಶ ಇತ್ತು, ಅದೂ ಹೋಯಿತು. ಮುಂದಿನ ವಿಷಯಕ್ಕೆ ಹೋದರು. ಊಟಕ್ಕೆ ಮುಂಚೆ ಎಲ್ಲರನ್ನೂ ನಿಲ್ಲಿಸಿ ಫೋಟೊ ತೆಗೆದರು. ನನ್ನನ್ನು ಮಧ್ಯಕ್ಕೆ ಕರೆದರು, ನರ್ಸ್ ಕಾಣ್ಬೇಕು ಎಂದರು. ಆ ಫೋಟೊದಲ್ಲಿ ನಾನು ನಗುತ್ತಿದ್ದೇನೆ.

ಬಸ್ಸಿನಲ್ಲಿ ಮುಳಬಾಗಿಲಿಗೆ ಬರುವಷ್ಟರಲ್ಲಿ ನಾನು ನನಗೇ ಸಾಕಷ್ಟು ಸಮಾಧಾನ ಹೇಳಿಕೊಂಡಿದ್ದೆ. ಮುಂದಿನ ಸಭೆಯಲ್ಲಿ ಹೇಳೋಣ, ಪ್ರತ್ಯೇಕವಾಗಿ ಹೋಗಿ ಹೇಳೋಣ, ಬರೆದು ಕೊಡೋಣ. ಹುಡುಗಿ ಆಸ್ಪತ್ರೆಯ ಮೆಟ್ಟಿಲ ಮೇಲೇ ಕಾದಿದ್ದಳು. "ಏನಾಯ್ತಕ್ಕಾ?" ಎಂದಳು. "ಓದ್ದೆ ಕಣೇ, ಎಲ್ಲಾ ಕೇಳಿಸ್ಕೊಂಡ್ರು," ಎಂದೆ. "ನನ್ ವಿಷ್ಯ?" ಎಂದಳು. "ಬಂತು," ಎಂದೆ. ಅದು ಸುಳ್ಳಲ್ಲ, ಬಂದಿತ್ತು. ಅವಳು ನನ್ನ ಕೈ ಹಿಡಿದುಕೊಂಡಳು. ಆ ಕೈ ಹಿಡಿತವನ್ನು ಸಹಿಸಿಕೊಂಡು ನಿಂತೆನಲ್ಲ, ಅದಕ್ಕೆ ನನಗೆ ಕ್ಷಮೆ ಇಲ್ಲ.

ಮುಂದಿನ ಸಭೆ ನಡೆಯಲೇ ಇಲ್ಲ. ಒಂದು ತಿಂಗಳಾದ ಮೇಲೆ ಸುತ್ತೋಲೆ ಬಂತು. ಶುಶ್ರೂಷಾ ಪ್ರತಿನಿಧಿಗಳ ಸಲಹೆಯ ಮೇರೆಗೆ ಎಂದು ಮೊದಲ ಸಾಲಿನಲ್ಲೇ ಇತ್ತು. ಇಬ್ಬರು ನರ್ಸುಗಳ ಮಾತು ಎಲ್ಲೂ ಇಲ್ಲ. ತಾಯಿಯನ್ನು ಕಳಿಸುವಾಗ ಕರ್ತವ್ಯದಲ್ಲಿರುವ ನರ್ಸು ಎರಡು ಪುಟದ ಹೊಸ ನಮೂನೆಯನ್ನು ತುಂಬಬೇಕು, ಪ್ರತಿ ಹಂತದ ಸಮಯವನ್ನು ಬರೆಯಬೇಕು, ಬಿಟ್ಟರೆ ಶಿಸ್ತು ಕ್ರಮ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಎನ್ನುವ ಗಾದೆ ನಮ್ಮ ಇಲಾಖೆಯನ್ನು ನೋಡಿಯೇ ಹುಟ್ಟಿರಬೇಕು. ರಕ್ತ ಹರಿಯುತ್ತಿರುವ ಹೆಂಗಸನ್ನು ಬಿಟ್ಟು ಎರಡು ಪುಟ ತುಂಬುವವರು ಯಾರು? ಒಬ್ಬಳೇ ಇರುವ ನರ್ಸು.

ನೀತಿ ಮಾಡುವುದರಲ್ಲಿ ನರ್ಸುಗಳ ಪಾಲು ಎಂದರೆ ಏನೆಂದು ನನಗೆ ಆಗ ಗೊತ್ತಾಯಿತು. ಮೇಜಿನ ಮೇಲೆ ನಮ್ಮ ಹೆಸರಿನ ಚೀಟಿ ಇರುತ್ತದೆ, ಹೊರಗೆ ಬರುವ ಕಾಗದದಲ್ಲಿ ನಮ್ಮ ಸಲಹೆ ಎಂದಿರುತ್ತದೆ, ನಡುವೆ ನಾವು ಟೀ ಕೊಟ್ಟಿರುತ್ತೇವೆ. ಅವರನ್ನು ಬೈದರೆ ನನಗೆ ಸುಲಭ. ಬೈದೂ ಇದ್ದೇನೆ, ಸಿಕ್ಕವರ ಮುಂದೆಲ್ಲ. ಆದರೆ ಆ ದಿನ ಅಧಿಕಾರಿ ನನ್ನನ್ನು ಕೇಳಿದ್ದರು. ಪುಸ್ತಕ ಮುಂದಿಟ್ಟು, ಕಣ್ಣಲ್ಲಿ ಕಣ್ಣಿಟ್ಟು, ಅಲ್ವಾ ಎಂದು ಕೇಳಿದ್ದರು. ಅಲ್ಲ ಎನ್ನುವುದಕ್ಕೆ ಯಾರೂ ನನ್ನ ಬಾಯಿ ಹಿಡಿದಿರಲಿಲ್ಲ.

ಹೊಸ ನಮೂನೆ ತುಂಬುವುದನ್ನು ಕಲಿಸಲು ನನ್ನನ್ನೇ ಹಾಕಿದರು. ನಾಲ್ಕೂ ತಾಲ್ಲೂಕು ತಿರುಗಿದೆ. ಮಾಲೂರಿನಲ್ಲಿ ಮೂವತ್ತು ಜನ ನರ್ಸುಗಳು ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕೂತು ಬರೆದುಕೊಂಡರು. ಊಟದ ಹೊತ್ತಿಗೆ ನನ್ನ ವಯಸ್ಸಿನವರೇ ಒಬ್ಬರು ಪಕ್ಕಕ್ಕೆ ಬಂದು ಕೂತರು. "ನಿಮ್ ಕಡೆನೂ ಹತ್ತೇ ನಿಮಿಷಾನಾ?" ಎಂದು ಮೆಲ್ಲಗೆ ಕೇಳಿದರು. ಹೌದು ಎಂದೆ. ಇಬ್ಬರೂ ನಕ್ಕೆವು. ನಗು ಬಂದಷ್ಟೇ ಬೇಗ ಹೋಯಿತು. "ಆವತ್ತು ಮೀಟಿಂಗಿಗೆ ನೀವೊಬ್ರೇ ಹೋದ್ರಂತೆ. ನಮಗೆ ಮೊದ್ಲೇ ಒಂದು ಮಾತು ಹೇಳಿದ್ರೆ ಎಲ್ರೂ ಬರ್ಕೊಡ್ತಿದ್ವಿ, ಇದು ಸುಳ್ಳು ಪುಸ್ತಕ ಅಂತ. ಮೂವತ್ತು ಜನರ ಮೇಲೆ ವಿಚಾರಣೆ ಮಾಡ್ತಿದ್ರಾ?" ಎಂದರು. ಈ ಮಾತು ನನಗೆ ಹೊಳೆದೇ ಇರಲಿಲ್ಲ. ನಾಲ್ಕು ದಿನ ಕೂತು ಒಂದೂವರೆ ಪುಟ ಬರೆದವಳಿಗೆ ಪಕ್ಕದ ತಾಲ್ಲೂಕಿನವರಿಗೆ ಒಂದು ಫೋನ್ ಮಾಡಬೇಕು ಎನ್ನಿಸಿರಲಿಲ್ಲ. ಕರೆದದ್ದು ನನ್ನನ್ನು ತಾನೇ ಎನ್ನುವ ಜಂಬ.

ಹುಡುಗಿಯ ಗುತ್ತಿಗೆ ಮುಂದುವರಿಯಲಿಲ್ಲ. ಯಾರೂ ಅವಳನ್ನು ಕರೆದು ಹೋಗು ಎನ್ನಲಿಲ್ಲ. ತಿಂಗಳ ಕೊನೆಗೆ ಬಂದ ಪಟ್ಟಿಯಲ್ಲಿ ಅವಳ ಹೆಸರಿರಲಿಲ್ಲ, ಅಷ್ಟೇ. ಮಾರನೆ ದಿನ ಎರಡಕ್ಕೆ ಅವಳು ಎಂದಿನಂತೆ ಪಾಳಿಗೆ ಬಂದಳು. ಪಟ್ಟಿ ನೋಡಿದಳು. ಒಳಗೆ ನೋವು ತಿನ್ನುತ್ತಿದ್ದ ಹೆಂಗಸಿನ ಹತ್ತಿರ ಹೋಗಿ ಸ್ವಲ್ಪ ಹೊತ್ತು ಸೊಂಟ ಒತ್ತಿ, ಚಪ್ಪಲಿ ಮೆಟ್ಟಿಕೊಂಡು ಹೋದಳು. ನಾನು ಸ್ಟೋರ್ ರೂಮಿನಲ್ಲಿದ್ದೆ. ಹೊರಗೆ ಬರಲಿಲ್ಲ.

ಎರಡು ವಾರ ಬಿಟ್ಟು ಅನುಭವದ ಸರ್ಟಿಫಿಕೇಟ್ ಬೇಕೆಂದು ಬಂದಳು. ಶ್ರೀನಿವಾಸಪುರದಲ್ಲೇ ಒಂದು ಖಾಸಗಿ ನರ್ಸಿಂಗ್ ಹೋಮಿನಲ್ಲಿ ಕೆಲಸ ಕೇಳಿದ್ದಾಳಂತೆ, ಕಾಗದ ಇಲ್ಲದೆ ತೆಗೆದುಕೊಳ್ಳುವುದಿಲ್ಲವಂತೆ. ಅದನ್ನು ನಮ್ಮಲ್ಲಿ ಹಿರಿಯ ನರ್ಸು ಬರೆಯಬೇಕು, ಡಾಕ್ಟರು ಸಹಿ ಹಾಕಬೇಕು. ಬಿಟ್ಟದ್ದು ಏಕೆ ಎನ್ನುವ ಜಾಗದಲ್ಲಿ ಏನು ಬರೆಯಲಿ ಎಂದು ಡಾಕ್ಟರನ್ನು ಕೇಳಿದೆ. ಅವರು ಕಿಟಕಿಯ ಕಡೆ ನೋಡುತ್ತಾ, "ಸ್ವಂತ ಕಾರಣದಿಂದ ಅಂತ ಬರೀರಿ ಸಿಸ್ಟರ್. ಮೆಮೊ ವಿಷ್ಯ ಹಾಕಿದ್ರೆ ಅವಳಿಗೇ ಕಷ್ಟ," ಎಂದರು. ಅವರು ಹೇಳಿದ್ದರಲ್ಲಿ ನ್ಯಾಯವಿತ್ತು. ಹಾಗೆಯೇ ಬರೆದೆ. ಸ್ವಂತ ಕಾರಣಗಳಿಂದ ಸ್ವಇಚ್ಛೆಯಿಂದ ಕೆಲಸ ಬಿಟ್ಟಿರುತ್ತಾರೆ. ನಡತೆ ತೃಪ್ತಿಕರ.

ಅವಳು ಹೊರಗೆ ಬೆಂಚಿನ ಮೇಲೆ ಕೂತಿದ್ದಳು. ಕೊಟ್ಟೆ. ನಿಧಾನವಾಗಿ ಓದಿದಳು, ಆ ಸಾಲಿಗೆ ಬಂದು ಇನ್ನೊಂದು ಸಲ ಓದಿದಳು. ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು.

"ನಾನೇ ಬಿಟ್ಟೋದೆ ಅಂತ ಬರ್ದಿದ್ದೀರಾ?" ಎಂದಳು.

"ನಿನ್ ಒಳ್ಳೇದಕ್ಕೇ ಕಣೇ," ಎಂದೆ.

ಅವಳು ಕಾಗದವನ್ನು ಮಡಿಸಲಿಲ್ಲ. ಹಾಗೆಯೇ ನನ್ನ ಮುಂದೆ ಹಿಡಿದಳು. "ಅಕ್ಕಾ, ಆಸ್ಪತ್ರೆಗೆ ಬೇಡ, ಡಾಕ್ಟ್ರಿಗೆ ಬೇಡ, ಇಬ್ರೇ ಇದ್ದೀವಿ. ಬಾಯಲ್ಲಾದ್ರೂ ಒಂದು ಸಲ ಹೇಳಿ. ನಾನು ಆವತ್ತು ಬರ್ದಿದ್ದು ನಿಜಾನೋ ಸುಳ್ಳೋ?"

ಕಾರಿಡಾರಿನಲ್ಲಿ ಆಯಾ ನೆಲ ಒರೆಸುತ್ತಿದ್ದಳು. ಡಾಕ್ಟರ ಕೋಣೆಯ ಬಾಗಿಲು ತೆರೆದಿತ್ತು. ನಾನು ಮೊದಲು ಆ ಬಾಗಿಲ ಕಡೆ ನೋಡಿದೆ. ನೋಡಿದ್ದನ್ನು ಅವಳು ನೋಡಿದಳು. ನಾನು ಬಾಯಿ ತೆರೆಯುವಷ್ಟರಲ್ಲಿ ಕಾಗದವನ್ನು ಬ್ಯಾಗಿಗೆ ಹಾಕಿಕೊಂಡು, ಬರ್ತೀನಿ ಮೇಡಂ ಎಂದು ಹೇಳಿ ಬಸ್ ಸ್ಟಾಪಿನ ಕಡೆ ನಡೆದಳು.